ಬಿಲ್ಲಿನ ಒಂದು ಸಾಲು, ಪಣಂಬೂರಿನ ಕಲ್ಲಿದ್ದಲು, ಬಡವರ ಒಲೆ

ಮೆಸ್ಕಾಂ (ಮಂಗಳೂರು ವಿದ್ಯುತ್ ಸರಬರಾಜು ಕಂಪನಿ) ಬಿಲ್ಲಿನ ಕೊನೆಯ ಮೊತ್ತ ನೋಡಿ ಮಡಚಿಡುವುದು ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ. ಏಪ್ರಿಲ್‌ನ ಸೆಕೆಗೆ ಹಗಲು ರಾತ್ರಿ ಫ್ಯಾನು ತಿರುಗಿ ಮೊತ್ತ ಏರಿದಾಗ ಮಾತ್ರ ಜನ ಸಾಲು ಸಾಲಾಗಿ ಓದುತ್ತಾರೆ. ಆಗ ಕಣ್ಣಿಗೆ ಬೀಳುವುದು ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲು. ಕೆಲವು ತಿಂಗಳು ಅದು ಬಿಲ್ಲಿಗೆ ಕೂಡುತ್ತದೆ, ಕೆಲವು ತಿಂಗಳು ಕಳೆಯುತ್ತದೆ. ಏನಿದು ಎಂದು ಕೇಳಿದರೆ 'ಕಲ್ಲಿದ್ದಲಿನ ರೇಟು' ಎಂಬ ಉತ್ತರ ಸಿಗುತ್ತದೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ. ಪರದೇಶದ ಯುದ್ಧ, ಪಶ್ಚಿಮ ಘಟ್ಟದ ಮಳೆ, ಹವಾಮಾನ ಸಮ್ಮೇಳನಗಳಲ್ಲಿ ಆಗುವ ಒಪ್ಪಂದ, ಎಲ್ಲವೂ ಒಂದಲ್ಲ ಒಂದು ದಾರಿಯಿಂದ ನಮ್ಮ ಇಂಧನದ ಖರ್ಚಿಗೆ ಬಂದು ಸೇರುತ್ತವೆ. ಬಂದು ಸೇರಿದ ಮೇಲೆ ಎಲ್ಲರ ಮನೆಯಲ್ಲೂ ಒಂದೇ ತೂಕ ತೂಗುವುದಿಲ್ಲ.

ಆ ಸಾಲು ಹುಟ್ಟುವುದು ಎಲ್ಲಿ?

ಮೆಸ್ಕಾಂ ತಾನಾಗಿ ವಿದ್ಯುತ್ ತಯಾರಿಸುವುದಿಲ್ಲ. ಬೇರೆಯವರಿಂದ ಕೊಂಡು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಗೆ ಹಂಚುತ್ತದೆ. ಗ್ರಾಹಕರಿಗೆ ಮಾರುವ ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಮುಂದಿನ ಅವಧಿಯಲ್ಲಿ ಖರೀದಿಗೆ ಎಷ್ಟು ಖರ್ಚಾದೀತು ಎಂಬ ಅಂದಾಜಿನ ಮೇಲೆ ಆಯೋಗ ದರ ಕಟ್ಟುತ್ತದೆ. ಅಂದಾಜು ತಪ್ಪಿದರೆ ವ್ಯತ್ಯಾಸವನ್ನು ವಸೂಲಿ ಮಾಡುವ ಅಥವಾ ಹಿಂದಿರುಗಿಸುವ ಸಾಲೇ ಈ ಹೊಂದಾಣಿಕೆ.

ಅಂದಾಜು ತಪ್ಪಲು ಮುಖ್ಯವಾಗಿ ಎರಡು ಕಾರಣ. ಮೊದಲನೆಯದು ಕಲ್ಲಿದ್ದಲು. ಪಡುಬಿದ್ರಿ ಸಮೀಪದ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅದು ಉರಿಸುವುದು ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಎಲ್ಲೂರು ಸೇರುತ್ತದೆ. ವಿದೇಶಿ ಕಲ್ಲಿದ್ದಲಿನ ಬೆಲೆ ನಮ್ಮ ಹಿಡಿತದಲ್ಲಿಲ್ಲ. ಏಷ್ಯಾದಲ್ಲಿ ಬೆಲೆಗೆ ಮಾನದಂಡವಾಗಿರುವ ಆಸ್ಟ್ರೇಲಿಯದ ನ್ಯೂಕ್ಯಾಸಲ್ ಕಲ್ಲಿದ್ದಲು 2020ರ ಮಧ್ಯದಲ್ಲಿ ಟನ್ನಿಗೆ ಸುಮಾರು 50 ಡಾಲರ್ ಇತ್ತು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರಲ್ಲಿ ಅದು 400 ಡಾಲರ್ ದಾಟಿತು. ರಷ್ಯಾದ ಅನಿಲ ಕೈತಪ್ಪಿದ ಯುರೋಪು ಎಷ್ಟು ಬೆಲೆಗಾದರೂ ಸರಿ ಎಂದು ಜಗತ್ತಿನೆಲ್ಲೆಡೆ ಅನಿಲ, ಕಲ್ಲಿದ್ದಲು ಹುಡುಕಿ ಕೊಂಡಿತು. ಹರಾಜಿನಲ್ಲಿ ಸೋತವರು ಬಡ ದೇಶಗಳು. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಗಂಟೆಗಟ್ಟಲೆ ವಿದ್ಯುತ್ ಕಡಿತವಾಯಿತು. ವಿದೇಶಿ ವಿನಿಮಯ ಬರಿದಾಗಿದ್ದ ಶ್ರೀಲಂಕಾದಲ್ಲಿ ಜನ ಇಂಧನಕ್ಕಾಗಿ ದಿನಗಟ್ಟಲೆ ಸರದಿ ನಿಂತರು.

ಎರಡನೆಯದು ಮಳೆ. ಶರಾವತಿಯ 1035 ಮೆಗಾವ್ಯಾಟ್, ಹೊಸಂಗಡಿಯಲ್ಲಿ ನೆಲದಡಿ ಇರುವ ವಾರಾಹಿಯ 460 ಮೆಗಾವ್ಯಾಟ್ ರಾಜ್ಯಕ್ಕೆ ಸಿಗುವ ಅತ್ಯಂತ ಅಗ್ಗದ ವಿದ್ಯುತ್ತಿನ ಸಾಲಿಗೆ ಸೇರುತ್ತವೆ. ನೀರಿಗೆ ಬೆಲೆ ಕೊಡಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ಅಕ್ಟೋಬರ್ ಹೊತ್ತಿಗೆ ರಾಜ್ಯದಲ್ಲಿ ವಿದ್ಯುತ್ ಕೊರತೆ ಎಷ್ಟಾಯಿತೆಂದರೆ, ವಿದ್ಯುತ್ ಕಾಯ್ದೆಯ ವಿಶೇಷ ಅಧಿಕಾರ ಬಳಸಿ ಖಾಸಗಿ ಉತ್ಪಾದಕರೆಲ್ಲ ರಾಜ್ಯಕ್ಕೇ ವಿದ್ಯುತ್ ಕೊಡಬೇಕು ಎಂದು ಸರ್ಕಾರ ಆದೇಶಿಸಬೇಕಾಯಿತು. ಅಗ್ಗದ ನೀರಿನ ಜಾಗದಲ್ಲಿ ದುಬಾರಿ ಖರೀದಿ ಬಂದು ಕುಳಿತರೆ ಬಿಲ್ಲಿನ ಆ ಸಾಲು ಬೆಳೆಯದೆ ಇರಲಾರದು.

ದರ ಒಂದೇ, ಭಾರ ಬೇರೆ

ಇಂಧನ ಬಡತನ ಎಂಬ ಮಾತು ಈಗ ಆಗಾಗ ಕಿವಿಗೆ ಬೀಳುತ್ತದೆ. ಇದರಲ್ಲಿ ಎರಡು ಬಗೆ. ಸಂಪರ್ಕವೇ ಇಲ್ಲದಿರುವುದು ಒಂದು. ಜಗತ್ತಿನಲ್ಲಿ ಸುಮಾರು 70 ಕೋಟಿ ಜನರ ಮನೆಯಲ್ಲಿ ಇನ್ನೂ ವಿದ್ಯುತ್ ಇಲ್ಲ. ಅವರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ದೇಶಗಳವರು. ಹೊಗೆಯಿಲ್ಲದ ಅಡುಗೆ ಇಂಧನ ಇಲ್ಲದವರು 200 ಕೋಟಿಗೂ ಹೆಚ್ಚು. ಎರಡನೆಯ ಬಗೆ, ಸಂಪರ್ಕ ಇದ್ದೂ ಬೇಕಾದಷ್ಟು ಬಳಸಲು ಕೈಯಲ್ಲಿ ಕಾಸಿಲ್ಲದಿರುವುದು. ಕರಾವಳಿಯಲ್ಲಿ ಮೊದಲನೆಯದು ಬಹುತೇಕ ಮುಗಿದ ಕತೆ, ಎರಡನೆಯದು ಮುಗಿದಿಲ್ಲ.

ಲೆಕ್ಕಕ್ಕಾಗಿ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಬಂಟ್ವಾಳದ ಕಡೆಯ ಒಂದು ಮನೆಯಲ್ಲಿ ತಾಯಿ ಬೀಡಿ ಕಟ್ಟುತ್ತಾರೆ, ಮಗ ಕೂಲಿಗೆ ಹೋಗುತ್ತಾನೆ. ತಿಂಗಳ ಆದಾಯ 15,000 ರೂಪಾಯಿ. ಗ್ಯಾಸ್, ವಿದ್ಯುತ್, ಬಸ್ಸು, ಬೈಕಿನ ಪೆಟ್ರೋಲು ಎಲ್ಲ ಸೇರಿ 1,500 ರೂಪಾಯಿ. ಇನ್ನೊಂದು ಮಂಗಳೂರಿನ ಕದ್ರಿಯ ಫ್ಲಾಟು. ಆದಾಯ ಒಂದು ಲಕ್ಷ, ಇಂಧನಕ್ಕೆ 4,000. ಹೆಚ್ಚು ಸುಡುವುದು ಫ್ಲಾಟಿನವರೇ. ಆದರೆ ಆದಾಯದಲ್ಲಿ ಪಾಲು ತೆಗೆದರೆ ಬೀಡಿ ಕಟ್ಟುವ ಮನೆಗೆ ನೂರಕ್ಕೆ ಹತ್ತು, ಫ್ಲಾಟಿಗೆ ನೂರಕ್ಕೆ ನಾಲ್ಕು. ಎಲ್ಲ ಇಂಧನದ ಬೆಲೆ ಶೇ 20ರಷ್ಟು ಏರಿತು ಎನ್ನಿ. ಮೊದಲ ಮನೆಗೆ 300 ರೂಪಾಯಿ, ಎರಡನೆಯದಕ್ಕೆ 800 ರೂಪಾಯಿ ಹೆಚ್ಚುವರಿ. ಫ್ಲಾಟಿನವರು ಒಂದು ದಿನ ಹೋಟೆಲಿಗೆ ಹೋಗದಿದ್ದರೆ ಮುಗಿಯಿತು. ಬೀಡಿ ಕಟ್ಟುವವರ 300 ರೂಪಾಯಿ ಮೀನು, ಔಷಧ, ಶಾಲೆಯ ಪುಸ್ತಕ ಇವುಗಳಲ್ಲಿ ಒಂದರಿಂದ ಹೋಗಬೇಕು.

ಇಷ್ಟೇ ಆಗಿದ್ದರೆ ಸರಳ. ಬಡವರಿಗೆ ಇನ್ನೊಂದು ತೊಡಕಿದೆ, ಅವರು ಇಂಧನವನ್ನು ಚಿಲ್ಲರೆಯಾಗಿ ಕೊಳ್ಳಬೇಕು. ನಮ್ಮೂರಲ್ಲಿ ಕೈಯಲ್ಲಿ ದುಡ್ಡಿದ್ದವರು ಕೊಯ್ಲು ಮುಗಿದೊಡನೆ ವರ್ಷಕ್ಕಾಗುವಷ್ಟು ಕುಚ್ಚಲಕ್ಕಿ ತುಂಬಿಸಿಡುತ್ತಾರೆ. ದಿನಗೂಲಿಯವರು ಅದೇ ಅಕ್ಕಿಯನ್ನು ಎರಡೆರಡು ಕಿಲೋ ಅಂಗಡಿಯಿಂದ ತರುತ್ತಾರೆ. ವರ್ಷದ ಕೊನೆಗೆ ಕಿಲೋ ಲೆಕ್ಕ ಹಾಕಿದರೆ ಹೆಚ್ಚು ಕೊಟ್ಟವರು ಎರಡನೆಯವರು. ಇಂಧನದಲ್ಲೂ ಹೀಗೆಯೇ. 14.2 ಕಿಲೋ ಸಿಲಿಂಡರಿಗೆ ಒಮ್ಮೆಗೇ ಹಣ ಹೊಂದಿಸಲಾಗದೆ, ಸಬ್ಸಿಡಿ ಇಲ್ಲದ 5 ಕಿಲೋ ಸಿಲಿಂಡರ್ ತರುವ ಬಾಡಿಗೆ ಕೋಣೆಯ ವಲಸೆ ಕಾರ್ಮಿಕ ಪ್ರತಿ ಕಿಲೋಗೆ ಹೆಚ್ಚು ತೆರುತ್ತಾನೆ.

ಉಜ್ವಲ ಯೋಜನೆ ಕಲಿಸಿದ ಪಾಠವೂ ಇದೇ. 2016ರ ಮೇ 1ರಂದು ಆರಂಭವಾದ ಆ ಯೋಜನೆಯಲ್ಲಿ 10 ಕೋಟಿಗೂ ಹೆಚ್ಚು ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಸಿಕ್ಕಿತು. ಸಂಪರ್ಕ ಸಿಕ್ಕಿದ್ದು ನಿಜ, ಮರುಭರ್ತಿ ಮಾತ್ರ ವರ್ಷಕ್ಕೆ ಸರಾಸರಿ ನಾಲ್ಕರ ಆಸುಪಾಸು. ಸಿಲಿಂಡರಿಗೆ 200 ರೂಪಾಯಿ ಸಬ್ಸಿಡಿಯನ್ನು 2022ರ ಮೇ ತಿಂಗಳಲ್ಲಿ ಘೋಷಿಸಿದರು, 2023ರ ಅಕ್ಟೋಬರಿನಲ್ಲಿ 300ಕ್ಕೆ ಏರಿಸಿದರು. ಸಿಲಿಂಡರ್ ಇಲ್ಲದ ಉಳಿದ ದಿನಗಳಲ್ಲಿ ಸೌದೆಯೇ ಗತಿ. ನಮ್ಮ ಕಡೆ ಅನುಕೂಲಸ್ಥರ ಮನೆಯಲ್ಲೂ ಬಚ್ಚಲಿನ ಹಂಡೆಗೆ ತೆಂಗಿನ ಮಡಲು, ಸಿಪ್ಪೆ ಉರಿಸುವುದಿದೆ. ಆದರೆ ತೋಟದಲ್ಲಿ ಬಿದ್ದ ಮಡಲನ್ನು ಹಂಡೆಯಡಿ ಹಾಕುವುದು ಬೇರೆ, ಮೂರು ಹೊತ್ತಿನ ಅಡುಗೆಯನ್ನು ಹೊಗೆಯಲ್ಲಿ ಕುಳಿತು ಮಾಡುವುದು ಬೇರೆ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಹವಾಮಾನ ನೀತಿ ಇದರಲ್ಲಿ ಎಲ್ಲಿ ಬಂತು?

ಕಲ್ಲಿದ್ದಲು, ಎಣ್ಣೆ, ಅನಿಲ ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಅದನ್ನು ಕಡಿಮೆ ಮಾಡಲು ಸರ್ಕಾರಗಳು ಕೈಗೊಳ್ಳುವ ಕ್ರಮಗಳೇ ಹವಾಮಾನ ನೀತಿ. ದಾರಿಗಳು ಹೆಚ್ಚಿಲ್ಲ. ಕೊಳಕು ಇಂಧನವನ್ನು ತೆರಿಗೆ ಹಾಕಿ ದುಬಾರಿ ಮಾಡಬಹುದು, ಶುದ್ಧ ಇಂಧನವನ್ನು ಸಹಾಯಧನ ಕೊಟ್ಟು ಅಗ್ಗ ಮಾಡಬಹುದು, ಇಲ್ಲವೇ ಇಷ್ಟಕ್ಕಿಂತ ಹೆಚ್ಚು ಹೊಗೆ ಬಿಡಕೂಡದು ಎಂದು ನಿಯಮ ಮಾಡಬಹುದು.

ಮೊದಲನೆಯದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2010ರಲ್ಲಿ ಕೇಂದ್ರ ಸರ್ಕಾರ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಿತು. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ದೇಶೀಯ ಕಲ್ಲಿದ್ದಲು ಬೇಕು ಎಂದು ಹಿಡಿದರೆ ಯೂನಿಟ್ಟಿಗೆ 28 ಪೈಸೆ. ಆರಂಭದಲ್ಲಿ ಈ ಹಣ ಶುದ್ಧ ಇಂಧನದ ನಿಧಿಗೆಂದು ಮೀಸಲಾಗಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ನಷ್ಟ ತುಂಬಿಕೊಡುವ ಸೆಸ್ ಆಗಿ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ ಆ ಸೆಸ್ ರದ್ದಾಗಿ, ಕಲ್ಲಿದ್ದಲಿನ ಮೇಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿತು.

ಈ ಇತಿಹಾಸದಲ್ಲಿ ಗಮನಿಸಬೇಕಾದದ್ದು ಹಣದ ಪಯಣ. ಹೊಗೆಯ ಮೇಲೆ ತೆರಿಗೆ ಹಾಕಿದರೆ ಬಡವರ ಮೇಲೆ ಹೆಚ್ಚು ಭಾರ ಬೀಳುತ್ತದೆ ಎಂಬುದು ಮೇಲಿನ ಎರಡು ಮನೆಗಳ ಲೆಕ್ಕದಿಂದಲೇ ಗೊತ್ತಾಗುತ್ತದೆ. ಆದರೆ ಅದೇ ತೆರಿಗೆಯ ಹಣವನ್ನು ಎಲ್ಲ ಮನೆಗಳಿಗೂ ಸಮವಾಗಿ ಹಿಂದಿರುಗಿಸಿದರೆ ಲೆಕ್ಕ ತಿರುಗಿಬೀಳುತ್ತದೆ. ಬೀಡಿ ಮನೆ 300 ಕೊಟ್ಟಿತು, ಫ್ಲಾಟು 800 ಕೊಟ್ಟಿತು, ಒಟ್ಟು 1,100. ತಲಾ 550 ಹಿಂದೆ ಬಂದರೆ ಬೀಡಿ ಮನೆಗೆ 250 ರೂಪಾಯಿ ಲಾಭವೇ ಆಯಿತು. ಒಂದೇ ತೆರಿಗೆ ಬಡತನವನ್ನು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು. ಹಿಂದಿರುಗಿಸಬೇಕಾದ ಹಣ ಖಜಾನೆಯ ಬೇರಾವುದೋ ತೂತು ಮುಚ್ಚಲು ಹೋದರೆ ಮಾತ್ರ ಮೊದಲನೆಯದೇ ಖಚಿತ.

ಬಿಸಿಲು ಪುಕ್ಕಟೆ, ಬಡ್ಡಿ ಪುಕ್ಕಟೆಯಲ್ಲ

ಸೌರಫಲಕದ ಬೆಲೆ ಕುಸಿದಿದೆ, ಬಿಸಿಲಿಗೆ ಬೆಲೆಯಿಲ್ಲ, ಮತ್ತೇಕೆ ಬಡ ದೇಶಗಳು ಕಲ್ಲಿದ್ದಲಿಗೆ ಅಂಟಿಕೊಂಡಿವೆ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಬಹುಮಟ್ಟಿಗೆ ಬಡ್ಡಿಯಲ್ಲಿದೆ. ಇಡೀ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗುವ ಸಂಗತಿಯೂ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕಲ್ಲಿದ್ದಲು ಸ್ಥಾವರದ ಖರ್ಚಿನಲ್ಲಿ ದೊಡ್ಡ ಪಾಲು ದಿನದಿನದ ಇಂಧನದ್ದು. ಸೌರ, ಪವನ ವಿದ್ಯುತ್ತಿನಲ್ಲಿ ಹಾಗಲ್ಲ, ಬಹುತೇಕ ಎಲ್ಲ ಖರ್ಚೂ ಮೊದಲ ದಿನವೇ. ಅಂದರೆ ಇಪ್ಪತ್ತು ವರ್ಷದ ವಿದ್ಯುತ್ತನ್ನು ಇವತ್ತೇ ಸಾಲ ಮಾಡಿ ಕೊಂಡಂತೆ. ಸರಳ ಅಂಕಿಗಳನ್ನು ಹಿಡಿಯೋಣ. ಒಂದು ಲಕ್ಷ ರೂಪಾಯಿಯ ಘಟಕ, ವರ್ಷಕ್ಕೆ 1,400 ಯೂನಿಟ್, ಬಾಳಿಕೆ 20 ವರ್ಷ. ಬಡ್ಡಿಯೇ ಇಲ್ಲದಿದ್ದರೆ ಯೂನಿಟ್ಟಿಗೆ ಬೀಳುವುದು ಸುಮಾರು 3 ರೂಪಾಯಿ 57 ಪೈಸೆ. ಶೇ 5ರ ಬಡ್ಡಿಗೆ ಸಾಲ ತಂದು 20 ವರ್ಷ ಸಮಕಂತು ಕಟ್ಟಿದರೆ 5 ರೂಪಾಯಿ 73 ಪೈಸೆ. ಶೇ 12ರ ಬಡ್ಡಿಗಾದರೆ 9 ರೂಪಾಯಿ 56 ಪೈಸೆ. ಫಲಕ ಅದೇ, ಬಿಸಿಲು ಅದೇ. ಬದಲಾದದ್ದು ಬ್ಯಾಂಕು.

ಅಭಿವೃದ್ಧಿಶೀಲ ದೇಶಗಳಲ್ಲಿ ದೊಡ್ಡ ಸೌರ ಯೋಜನೆಗಳಿಗೆ ಬಂಡವಾಳ ತರುವ ವೆಚ್ಚ ಶ್ರೀಮಂತ ದೇಶಗಳ ಎರಡು ಪಟ್ಟಿಗೂ ಹೆಚ್ಚು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಕರೆನ್ಸಿ ಕುಸಿದೀತು, ವಿದ್ಯುತ್ ಕಂಪನಿ ಹಣ ಬಾಕಿ ಉಳಿಸೀತು, ಸರ್ಕಾರ ಬದಲಾದರೆ ಒಪ್ಪಂದ ಬದಲಾದೀತು ಎಂಬ ಭಯಗಳಿಗೆಲ್ಲ ಸಾಲ ಕೊಡುವವರು ಬಡ್ಡಿಯಲ್ಲಿ ಬೆಲೆ ಕಟ್ಟುತ್ತಾರೆ. ಹಾಗಾಗಿಯೇ ಜರ್ಮನಿಗಿಂತ ಎಷ್ಟೋ ಹೆಚ್ಚು ಬಿಸಿಲಿರುವ ಆಫ್ರಿಕಾದ ದೇಶದಲ್ಲಿ ಸೌರ ವಿದ್ಯುತ್ ನಿರೀಕ್ಷೆಯಷ್ಟು ಅಗ್ಗವಾಗುವುದಿಲ್ಲ.

ಮನೆಯ ಮಟ್ಟದಲ್ಲೂ ಇದೇ ಕತೆ. ಉಡುಪಿ ಜಿಲ್ಲೆಯ ಮೂಲದ ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಕಂಪನಿಯನ್ನು ಸಹಸಂಸ್ಥಾಪಕರಾಗಿ ಕಟ್ಟಿ, ಹಳ್ಳಿಮನೆಗಳಿಗೆ ಸೌರದೀಪ ತಲುಪಿಸಿದರು. 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ತಂತ್ರಜ್ಞಾನದಷ್ಟೇ ಶ್ರಮ ಅವರು ಸಾಲದ ವ್ಯವಸ್ಥೆಗೆ ಹಾಕಿದ್ದರು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಸಾಧ್ಯ ಎಂಬುದು ಅವರು ಹಲವು ವೇದಿಕೆಗಳಲ್ಲಿ ಹೇಳಿಕೊಂಡು ಬಂದ ಅನುಭವ. ಮೊತ್ತ ಒಂದೇ ಆದರೂ ಕಂತು ದುಡಿಮೆಯ ಲಯಕ್ಕೆ ಹೊಂದಬೇಕು. ಗ್ರಾಮೀಣ ಬ್ಯಾಂಕುಗಳು, ನಮ್ಮ ಸಿಂಡಿಕೇಟ್ ಬ್ಯಾಂಕಿನಂಥವು ಇಂತಹ ಸಾಲ ಕೊಡಲು ಮುಂದೆ ಬಂದ ಮೇಲೆಯೇ ದೀಪ ಹೊತ್ತಿದ್ದು.

ಮನೆಯ ಮಾಡಿನ (ಛಾವಣಿಯ) ಮೇಲೆ ಸೌರಫಲಕ ಹಾಕಿಸಲು 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ. ಸಹಾಯಧನ ದೊಡ್ಡದೇ. ಆದರೂ ಉಳಿದ ಹಣ ಹಾಕಬೇಕು, ಅದಕ್ಕಿಂತ ಮೊದಲು ಸ್ವಂತ ಮಾಡು ಇರಬೇಕು. ಬಾಡಿಗೆ ಮನೆಯವರಿಗೆ ಮಾಡು ಇನ್ನೊಬ್ಬರದು. ಜೊತೆಗೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಇಳಿಯುತ್ತದೆ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಬಹುದು. 2025ರ ಮಧ್ಯದಲ್ಲಿ ಭಾರತದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲಗಳಿಲ್ಲದ ಮೂಲಗಳದ್ದಾಯಿತು. ಸುದ್ದಿ ನಿಜ. ಆದರೂ ನಾವು ಬಳಸುವ ಯೂನಿಟ್ಟುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಇನ್ನೂ ಕಲ್ಲಿದ್ದಲಿನವೇ. ಸಾಮರ್ಥ್ಯ ಎಂದರೆ ಸ್ಥಾವರ ಒಂದು ಕ್ಷಣದಲ್ಲಿ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಅಳತೆ, ಯೂನಿಟ್ ಎಂದರೆ ನಿಜವಾಗಿ ಕೊಟ್ಟದ್ದು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ರಾತ್ರಿ ಏನನ್ನೂ ಕೊಡುವುದಿಲ್ಲ, ಎಲ್ಲೂರು ರಾತ್ರಿಯೂ ಉರಿಯಬಲ್ಲದು.

ಯಾರ ಹೊಗೆ, ಯಾರ ಹಣ?

ಒಟ್ಟು ಹೊಗೆಯಲ್ಲಿ ಚೀನಾ, ಅಮೆರಿಕದ ನಂತರದ ಮೂರನೆಯ ದೇಶ ಭಾರತ. ತಲೆ ಲೆಕ್ಕದಲ್ಲಿ ನೋಡಿದರೆ ಒಬ್ಬ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು ಸುಮಾರು 14 ಟನ್. ಎರಡೂ ಅಂಕಿ ಸರಿ. ಯಾರು ಯಾವುದನ್ನು ಎತ್ತಿ ಹೇಳುತ್ತಾರೆ ಎಂಬುದರ ಮೇಲೆ ಅವರು ಮೇಜಿನ ಯಾವ ಕಡೆ ಕುಳಿತಿದ್ದಾರೆ ಎಂದು ಊಹಿಸಬಹುದು.

1992ರಲ್ಲಿ ರಿಯೊ ಡಿ ಜನೈರೊದಲ್ಲಿ ಸಹಿಗೆ ತೆರೆದ ಹವಾಮಾನ ಒಪ್ಪಂದ ಒಂದು ತತ್ವವನ್ನು ಒಪ್ಪಿಕೊಂಡಿತು. ಹೊಣೆ ಎಲ್ಲರದು, ಆದರೆ ಅಳತೆ ಬೇರೆ ಬೇರೆ. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಅಭಿವೃದ್ಧಿಶೀಲ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟವು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲೆಕ್ಕದಂತೆಯೇ ಆ ಗುರಿ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಭಾಗ ಸಾಲ. 2024ರಲ್ಲಿ ಬಾಕುವಿನಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ತೀರ್ಮಾನವಾಯಿತು. ಅಭಿವೃದ್ಧಿಶೀಲ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಭಾರತ ಸಭೆಯಲ್ಲೇ ಆಕ್ಷೇಪ ಎತ್ತಿತು. 2070ಕ್ಕೆ ನಿವ್ವಳ ಶೂನ್ಯ (ಹೊರಬಿಡುವಷ್ಟೇ ಇಂಗಾಲವನ್ನು ಹೀರಿ ತೆಗೆಯುವ ಸ್ಥಿತಿ) ಮುಟ್ಟುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೊದಲ್ಲಿ ಭಾರತ ಹೇಳಿದಾಗಲೂ ಹಣದ ಮಾತು ಜೊತೆಗೇ ಇತ್ತು. ಮೇಲಿನ ಬಡ್ಡಿಯ ಲೆಕ್ಕ ನೋಡಿದವರಿಗೆ ಈ ಜಗಳ ಬರೀ ಮಾತಿನ ಚೌಕಾಸಿಯಲ್ಲ ಎಂದು ತಿಳಿದೀತು.

ಯುರೋಪು ಇದರ ನಡುವೆ ಗಡಿಯಲ್ಲೇ ಲೆಕ್ಕ ಚುಕ್ತಾ ಮಾಡುವ ದಾರಿ ಹಿಡಿದಿದೆ. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವುಗಳ ತಯಾರಿಯಲ್ಲಿ ಹೊರಟ ಇಂಗಾಲಕ್ಕೆ ಶುಲ್ಕ ವಿಧಿಸುವ ಗಡಿ ಇಂಗಾಲ ವ್ಯವಸ್ಥೆ 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಪಣಂಬೂರಿನಲ್ಲಿ ತಯಾರಾಗುವಂತಹ ಕಬ್ಬಿಣದ ಅದಿರಿನ ಪೆಲೆಟ್ (ಸಣ್ಣ ಉಂಡೆ) ಕೂಡ ಆ ಪಟ್ಟಿಯಲ್ಲಿದೆ. ಇದನ್ನು ಯುರೋಪು ಹವಾಮಾನ ನೀತಿ ಎನ್ನುತ್ತದೆ, ಭಾರತ ವ್ಯಾಪಾರಕ್ಕೆ ಅಡ್ಡಗೋಡೆ ಎನ್ನುತ್ತದೆ.

ಏನೂ ಮಾಡದಿರುವುದು ಬಡವರಿಗೆ ಅಗ್ಗವೇ ಎಂದು ಕೇಳಿದರೆ ಉಳ್ಳಾಲ, ಸೋಮೇಶ್ವರದ ಕಡಲತಡಿಯವರು ಒಪ್ಪಲಿಕ್ಕಿಲ್ಲ. ಅಲ್ಲಿನ ಕಡಲ್ಕೊರೆತಕ್ಕೆ ಬಂದರು, ತಡೆಗೋಡೆ, ಮರಳು ಎಂದು ಹಲವು ಕಾರಣಗಳಿವೆ, ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ತಪ್ಪು. ಆದರೆ ಸಮುದ್ರಮಟ್ಟ ಏರುವುದೂ ಅರಬ್ಬೀ ಸಮುದ್ರ ಬಿಸಿಯಾಗುವುದೂ ಅದನ್ನು ಹೆಚ್ಚಿಸುತ್ತವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಮೊದಲು ನುಗ್ಗಿದ್ದು ತೀರದ ಸಣ್ಣ ಮನೆಗಳಿಗೇ.

ಸೊನ್ನೆ ಬಿಲ್ಲಿನ ಹಣ ಎಲ್ಲಿಂದ?

ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಗೂ ಮಿತಿ ಕಟ್ಟಿದರು; 2024ರಲ್ಲಿ, ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಿದರು. ಆ ಮಿತಿಯೊಳಗಿದ್ದರೆ ಬಿಲ್ಲು ಸೊನ್ನೆ. ಮಿತಿ ದಾಟಿದರೂ 200 ಯೂನಿಟ್ಟಿನೊಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಒಂದೆರಡು ಯೂನಿಟ್ಟಿನ ವ್ಯತ್ಯಾಸಕ್ಕೆ ಕೆಲವರ ಬಿಲ್ಲು ಒಮ್ಮೆಲೇ ಸಾವಿರ ದಾಟುವುದು ಈ ಅಂಚಿನಿಂದಾಗಿ.

ಸೊನ್ನೆ ಬಿಲ್ಲಿನ ವಿದ್ಯುತ್ತಿಗೂ ಬೆಲೆ ಇದ್ದೇ ಇದೆ. ಅದನ್ನು ರಾಜ್ಯ ಸರ್ಕಾರ ವಿತರಣಾ ಕಂಪನಿಗಳಿಗೆ ತುಂಬಿಕೊಡುತ್ತದೆ. ಬೀಡಿ ಕಟ್ಟುವ ಮನೆಗೆ ಇದು ದೊಡ್ಡ ಆಸರೆ ಎನ್ನುವುದರಲ್ಲಿ ಅನುಮಾನವಿಲ್ಲ. ಸಾಮಾನ್ಯವಾಗಿ ಎದುರಾಗುವ ಆಕ್ಷೇಪ ಎರಡು. ಆದಾಯ ನೋಡದೆ ಯೂನಿಟ್ ನೋಡಿ ಕೊಡುವುದರಿಂದ ಕಡಿಮೆ ಬಳಸುವ ಸ್ಥಿತಿವಂತರಿಗೂ ಸಿಗುತ್ತದೆ ಎಂಬುದು ಒಂದು. ಸೊನ್ನೆ ಬಿಲ್ಲಿನವರಿಗೆ ಮಾಡಿನ ಮೇಲೆ ಸೌರಫಲಕ ಹಾಕಿ ಉಳಿಸುವುದು ಏನೂ ಇಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವವರು ಬಡವರ ಬಳಿ ಫಲಕಕ್ಕೆ ಮುಂಗಡ ಹಣ ಇತ್ತೇ ಎಂಬುದನ್ನೂ ಜೊತೆಗೆ ಹೇಳಬೇಕು.

ನಾಡದೋಣಿಗೆ ಬದಲಿ ಯಾವುದು?

ನೀತಿಯೊಂದು ಯಾರ ತಲೆಯ ಮೇಲೆ ಇಳಿಯುತ್ತದೆ ಎಂದು ತಿಳಿಯಲು ಸೀಮೆಎಣ್ಣೆಯಷ್ಟು ಸ್ಪಷ್ಟ ಉದಾಹರಣೆ ಕರಾವಳಿಯಲ್ಲಿ ಬೇರೆ ಸಿಗದು. ವಿದ್ಯುತ್, ಗ್ಯಾಸ್ ಹರಡಿದಂತೆ ಕೇಂದ್ರ ಸರ್ಕಾರ ಪಡಿತರ ಸೀಮೆಎಣ್ಣೆಯ ಸಬ್ಸಿಡಿಯನ್ನು ಹಂತಹಂತವಾಗಿ ಇಳಿಸಿತು, ಹಂಚಿಕೆಯನ್ನೂ ವರ್ಷದಿಂದ ವರ್ಷಕ್ಕೆ ಕಡಿತಗೊಳಿಸಿತು. ಕಲಬೆರಕೆ ತಗ್ಗಿತು, ಹೊಗೆ ಕಡಿಮೆಯಾಯಿತು, ಖಜಾನೆಗೆ ಉಳಿತಾಯವಾಯಿತು. ಅಡುಗೆಮನೆಯ ಮಟ್ಟಿಗೆ ಇದು ಸರಿಯೇ, ಅಲ್ಲಿ ಬದಲಿ ಇಂಧನ ಬಂದಿತ್ತು.

ಆದರೆ ನಾಡದೋಣಿಗಳ ಹೊರಕಟ್ಟಿನ ಎಂಜಿನ್ನುಗಳು ಓಡುತ್ತಿದ್ದದ್ದೂ ಸೀಮೆಎಣ್ಣೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವಾಗ ಕಡಲಿಗಿಳಿಯುವವರು ಇವರೇ, ವರ್ಷದ ದುಡಿಮೆಯ ದೊಡ್ಡ ಪಾಲು ಆ ಮಳೆಗಾಲದಲ್ಲೇ. ರಿಯಾಯಿತಿ ಸೀಮೆಎಣ್ಣೆ ಸಮಯಕ್ಕೆ ಬರಲಿಲ್ಲ ಎಂಬ ದೂರು ಮಲ್ಪೆ, ಗಂಗೊಳ್ಳಿಗಳಲ್ಲಿ ಮಳೆಗಾಲದೊಂದಿಗೇ ಕೇಳಿಬರುತ್ತದೆ. ದೊಡ್ಡ ಬೋಟಿನವರಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಇದೆ. ನಾಡದೋಣಿಯವರು ಎಂಜಿನ್ ಬದಲಿಸಿ ಪೆಟ್ರೋಲಿಗೆ ಹೋಗಬಹುದು, ಹೋದವರೂ ಇದ್ದಾರೆ. ಆದರೆ ಹೊಸ ಎಂಜಿನ್ನಿಗೆ ಮುಂಗಡ ಹಣ ಬೇಕು, ಇಲ್ಲದಿದ್ದರೆ ಸಾಲ, ಸಾಲಕ್ಕೆ ಬಡ್ಡಿ, ಮೇಲೆ ಪೆಟ್ರೋಲಿಗೆ ಬಂಕಿನ ಪೂರ್ತಿ ದರ. ಬ್ಯಾಟರಿಯಲ್ಲಿ ಮಳೆಗಾಲದ ಕಡಲಿಗೆ ಇಳಿಯುವ ನಾಡದೋಣಿ ಸದ್ಯಕ್ಕೆ ಮಲ್ಪೆಯ ಸಾಮಾನ್ಯ ನೋಟವಲ್ಲ.